ಐದನೆಯವಳು

"ಭಾರತದ ಪರವಾಗಿ ಓಡಿ ಬಂದ ನಮ್ಮೂರ ಹುಡುಗಿ, ಕುಮಾರಿ ಚೋಂದಮ್ಮ"
ಎನ್ನುತ್ತಿದ್ದಾರೆ ಮೈಕಿನಲ್ಲಿ ಐಯಣ್ಣ ಮಾವ.
ಬಾಳೆಲೆಯ ಶಾಲೆಯ ಬಯಲು, ಕೈಲ್‌ಪೊಳ್ದ್ ಆಟೋಟ.
ಆ ಬದಿಯ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ
ಈ ಬದಿಯಿಂದ ಕೋವಿ. ಗುಂಡು ಹಾರಿದಾಗೆಲ್ಲ
ಮಾವನ ಒಂದೊಂದು ಪದ ಬಿದ್ದುಹೋಗುತ್ತದೆ.
"ವಿಶ್ವ" ಬಿತ್ತು. "ವಿದ್ಯಾಲಯ" ಉಳಿಯಿತು.
"ಓಡಿ" ಎನ್ನುವುದೂ ಬೀಳಬಾರದಿತ್ತೆ ಅಂದುಕೊಂಡೆ.
ಬೀಳಲಿಲ್ಲ.

ನಾನು ಓಡಲಿಲ್ಲ.
ನಾಲ್ಕು ಇಂಟು ನಾನೂರಕ್ಕೆ ಓಡುವವರು ನಾಲ್ವರು.
ಟಿಕೇಟು ಐವರಿಗೆ, ಕೋಟು ಐವರಿಗೆ
(ನನಗೆ ಬಂದದ್ದು ಗುಂಡು ಎಸೆಯುವವಳ ಅಳತೆ,
ತೋಳು ಉಗುರು ಮುಚ್ಚುತ್ತಿತ್ತು).
ಯಾರದಾದರೂ ತೊಡೆ ಹಿಡಿದುಕೊಂಡರೆ ಇರಲಿ ಎಂದು
ಐದನೆಯವಳು.
ಹನ್ನೊಂದು ದಿನ ಅವರ ತೊಡೆಗಳು ಚೆನ್ನಾಗಿದ್ದವು.
ಹಿಡಿಯಲಿ ಎಂದು ನಾನೇನೂ ಬೇಡಿಕೊಳ್ಳಲಿಲ್ಲ,
ಒಂದು ರಾತ್ರಿ ಬಿಟ್ಟರೆ.

ಇಲ್ಲಿ ಓಟವೆಂದರೆ ಚೆಂಡಿನ ಹಿಂದೆ.
ಬಾಗಿಲ ಸಂದಿಯಲ್ಲಿ ಹಾಕಿ ಕೋಲಿಲ್ಲದ ಮನೆಯಿಲ್ಲ.
ಮುಂದೆ ಏನೂ ಇಲ್ಲದೆ ಒಬ್ಬಳೇ ಓಡುವುದ ಕಂಡು
ಗೋಣಿಕೊಪ್ಪದ ಮೊದಲ ಬಸ್ಸು ಗಕ್ಕನೆ ನಿಲ್ಲುತ್ತಿತ್ತು:
"ಹತ್ತು ಹತ್ತು! ಎಲ್ಲಿದೆ ಆನೆ?"
ಅಭ್ಯಾಸ ಮಾಡ್ತಿದ್ದೀನಿ ಅಂದರೆ
ಕಂಡಕ್ಟರಿಗೆ ನಿರಾಸೆ.

ಫೈನಲ್ಲಿನ ಸಂಜೆ, ಕಾಲ್ ರೂಮಿನ ಬಾಗಿಲಲ್ಲಿ
ನಾಲ್ವರೂ ಜಾಕೆಟು ಕಳಚಿ ನನ್ನ ತೋಳಿಗೆ ಹಾಕಿ ಹೋದರು.
ನಾಲ್ಕು ಮೈಗಳ ಬಿಸಿ.
ಒಂದಕ್ಕೆ ನೋವಿನೆಣ್ಣೆಯ ಘಾಟು,
ಒಂದರ ಜೇಬಿನಲ್ಲಿ ಅರ್ಧ ತಿಂದ ಬಿಸ್ಕತ್ತು,
ಒಂದರ ಕಾಲರು ಒದ್ದೆ. ಅತ್ತಿರಬೇಕು.
ಗೋಡೆಯಾಚೆ ಸ್ಟೇಡಿಯಮ್ಮು. ಈಚೆ ಅಭ್ಯಾಸದ ಟ್ರ್ಯಾಕು,
ಅಲ್ಲೊಬ್ಬಳು ಇಲ್ಲೊಬ್ಬಳು
ಬಟ್ಟೆ ರಾಶಿ ಮಡಿಲಲ್ಲಿಟ್ಟುಕೊಂಡು ಕೂತ
ಬೇರೆ ಬೇರೆ ದೇಶದ ಐದನೆಯವರು.

ಮೊದಲು ಎದ್ದದ್ದು ಲಾಟ್ವಿಯಾದವಳು.
ಮಾತಾಡಲಿಲ್ಲ. ಅಂಗಾಲೆತ್ತಿ ಬೂಟಿನ ಮೊಳೆ ತೋರಿಸಿದಳು:
ಅಂಗಡಿಯಿಂದ ತಂದ ದಿನದ ಹೊಳಪು.
ನಾನೂ ನನ್ನದು ತೋರಿಸಿದೆ.
ಘಾನಾದವಳು ಜಾಕೆಟುಗಳನ್ನೆಲ್ಲ ಕಸಿದು
ಮದುವೆಯ ಮರುದಿನದ ಹಿತ್ತಿಲಿನಂತೆ ಬೇಲಿಗೆ ಹರವಿದಳು.
ನೀರು ಹಂಚುವ ಆ ಊರಿನ ಕಾಲೇಜು ಹುಡುಗ
ತನ್ನ ಜೋಡಿ ಚಪ್ಪಲಿ ಬಿಟ್ಟು ಗೆರೆ ಮಾಡಿದ.

ಗೋಡೆಯಾಚೆ ಗುಂಡು ಹಾರಿತು.
ಅವರ ಗುಂಡಿಗೆ ನಾವು ಓಡಿದೆವು.

ಮುನ್ನೂರು ದಾಟಿದ ಮೇಲೆ ಬರುವುದಕ್ಕೆ
ತರಬೇತಿಯವರು ಏನೋ ಆಮ್ಲದ ಹೆಸರು ಹೇಳುತ್ತಾರೆ.
ನಾನು ಅದನ್ನು ಕಾಚಂಪುಳಿ ಅನ್ನುತ್ತೇನೆ.
ಕುದ್ದು ಕುದ್ದು ಕಪ್ಪಾದ ಹುಳಿ,
ತೊಡೆಯೊಳಗೆ ಹನಿ ಹನಿ ಇಳಿಯುತ್ತದೆ.
ಸ್ಟೇಡಿಯಮ್ಮು ಕೂಗುತ್ತಿತ್ತು, ನಮಗಲ್ಲ.
ನಮಗೇ ಇರಬಹುದು ಎಂದು ಓಡಿದೆ.

ಗೆದ್ದವರು?
ಎರಡು ಚಪ್ಪಲಿಗಳ ನಡುವೆ ಒಂದು ಗೇಣು ಅಂತರವಿತ್ತು,
ಯಾವುದು ಗೆರೆ ಎಂದು ಮೊದಲೇ ಯಾರೂ ಹೇಳಿರಲಿಲ್ಲ.
ಎಡದ್ದಕ್ಕೆ ಆಕೆ ಮೊದಲು, ಬಲದ್ದಕ್ಕೆ ನಾನು.
ಹುಡುಗ ತುಂಬ ಯೋಚಿಸಿ ಇಬ್ಬರಿಗೂ ನೀರು ಕೊಟ್ಟ.
ಘಾನಾದವಳು ಇನ್ನೂ ಬರುತ್ತಿದ್ದಳು, ನಗುತ್ತ,
ಕೊನೆಯ ಐವತ್ತು ಹಿಮ್ಮುಖವಾಗಿ.

ನಮ್ಮವರು ಏಳನೆಯವರಾದರು.
ಜಾಕೆಟು ಕೊಡುವ ಹೊತ್ತಿಗೆ ಅವು ತಣ್ಣಗಾಗಿದ್ದವು.
ಕಾಲರು ಒದ್ದೆ ಮಾಡಿದವಳು ನನ್ನ ಮುಖ ನೋಡಿ
"ನೀನ್ಯಾಕೆ ಬೆವರಿದ್ದೀಯ?" ಅಂದಳು.
ಸೆಕೆ, ಅಂದೆ.

ಈಗ ಶಾಲು. ಹಣ್ಣಿನ ಬುಟ್ಟಿ.
ಬ್ಯಾನರಿನಲ್ಲಿ ನನ್ನ ಮುಖ, ಪಕ್ಕದಲ್ಲಿ ಯಾರದೋ ಕಾಲು.
ಮುಂದಿನ ಸಾಲಿನಿಂದ ಬೊಳ್ಳವ್ವಜ್ಜಿ, ಕಿವಿ ಕೇಳದವರ ಗಟ್ಟಿ ದನಿಯಲ್ಲಿ:
"ಓಡಿದೆಯೇನೇ?"
ಓಡಿದೆ ಅಜ್ಜಿ.
"ಯಾರಾದರೂ ನೋಡಿದರಾ?"

ಉತ್ತರಕ್ಕೆ ಬಾಯಿ ತೆರೆದೆ.
ಅಷ್ಟರಲ್ಲಿ ಆ ಬದಿಯಲ್ಲಿ ಯಾರೋ ಗುರಿಯಿಟ್ಟರು,
ಗುಂಡು ಹಾರಿತು,
ಶಾಲು ಹೊದ್ದು ಕುರ್ಚಿಯಲ್ಲಿ ಕೂತವಳ
ಹಿಮ್ಮಡಿ ನೆಲ ಬಿಟ್ಟಿತು.